ಆರು ತಿಂಗಳಿಗೊಂದು ಇಂಜೆಕ್ಷನ್: ರೋಣಕ್ಕೆ ಯಾವಾಗ?

ನಾನು ಕಾಮರ್ಸ್ ಓದಿದವ, ಮೊದಲು ರೇಟಿನ ಮಾತು. ಏಡ್ಸ್ ಔಷಧಕ್ಕೆ ವರ್ಷಕ್ಕೆ 10 ಸಾವಿರ ಡಾಲರ್ ದಾಟುತ್ತಿದ್ದ ಕಾಲದಲ್ಲಿ, 2001ರಲ್ಲಿ, ನಮ್ಮ ಸಿಪ್ಲಾ 350ಕ್ಕೆ ಕೊಡ್ತೀವಿ ಅಂತು. ಆದರೂ ಸರ್ಕಾರ ಪುಕ್ಕಟೆ ಕೊಡಾಕ ಶುರು ಮಾಡಿದ್ದು 2004ರಲ್ಲಿ. ರೇಟು ಇಳಿದ ಮೇಲೂ ಮೂರು ವರ್ಷ!

ಈಗ ಎಚ್‌ಐವಿ ಸೋಂಕನ್ನೇ ತಡೆಯೋ ಲೆನಕಾಪವಿರ್ ಬಂದೈತಿ. ವರ್ಷಕ್ಕೆ ಎರಡೇ ಇಂಜೆಕ್ಷನ್. 2025ರಲ್ಲಿ ಅಮೆರಿಕದ ರೇಟು 28 ಸಾವಿರ ಡಾಲರ್. ಹೈದರಾಬಾದಿನ ಹೆಟೆರೊ, ಡಾ. ರೆಡ್ಡೀಸ್ 2027ರಿಂದ 40 ಡಾಲರಿಗೆ ಕೊಡ್ತೀವಿ ಅಂದಾವ.

ಮೈಸೂರಿನ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ದಿನಾ ನುಂಗೋ ತಡೆ ಮಾತ್ರೆಯನ್ನು ಆಗಲೇ ಪ್ರಯೋಗದಲ್ಲಿ ತಗೊಂಡು ತೋರಿಸ್ಯಾರ. ಆದರೆ ರೋಣ, ನರಗುಂದ, ಗಜೇಂದ್ರಗಡದಾಗ ಅತ್ತೆ ಕಣ್ಣು ತಪ್ಪಿಸಿ ಮಾತ್ರೆ ಡಬ್ಬಿ ಎಲ್ಲಿ ಇಡೋದ್ರಿ? ಇಂಥ ಹೆಣ್ಮಕ್ಕಳಿಗೇ ಮೊದಲ ಸರದಿ ಸಿಗಲಿ. ಮತ್ತೆ ಮೂರು ವರ್ಷ ಕಾಯಿಸಬ್ಯಾಡ್ರಿ.