ವಕೀಲರಿಗೆ ಒಳಗೆ ಬಿಡ್ತಿರ್ಲಿಲ್ಲ: ನಮ್ಮ ಮೂರು ತಾಲೂಕಿನ ಫಾರಂ 7ರ ಕಥೆ

ಭಾಗ 1

ಮೊದಲ ಫೋಟೋದಲ್ಲಿ ಇರೋದು ನಮ್ಮ ಅಜ್ಜನ ತಗಡಿನ ಟ್ರಂಕು. ಎರಡನೇದರಲ್ಲಿ ಅದರೊಳಗೆ ಸಿಕ್ಕ ಹಳದಿಯಾದ ಒಂದು ಹಾಳೆ. ಸರ್ವೆ ನಂಬರ್ ಮೇಲೆ ನಾನೇ ಬೆರಳಿಟ್ಟಿದೀನಿ, ಝೂಮ್ ಮಾಡಬೇಡಿ. ಅದು ಫಾರಂ 7ರ ನಕಲು. ಗೇಣಿದಾರ ಯಾರು, ಒಡೆಯ ಯಾರು, ಎಷ್ಟು ಎಕರೆ ಎಷ್ಟು ಗುಂಟೆ, ಎಲ್ಲ ಶಾಯಿಯಲ್ಲಿ ಬರೆದದ್ದು. ಅಕ್ಷರ ಅಜ್ಜನದಲ್ಲ, ಶಾಲೆ ಮೇಷ್ಟ್ರದು. ಸಹಿ ಮಾತ್ರ ಅಜ್ಜನದು, ಸೊಟ್ಟಂಪಟ್ಟ.

"ಅಜ್ಜ, ಇಷ್ಟು ದೊಡ್ಡ ವಿಷಯಕ್ಕೆ ಲಾಯರ್ ಹತ್ರ ಯಾಕೆ ಹೋಗ್ಲಿಲ್ಲ?" ಅಂತ ಕೇಳಿದೆ.

"ಅಲ್ಲಿ ಲಾಯರಿಗೆ ಒಳಗೇ ಬಿಡ್ತಿರ್ಲಿಲ್ಲ ಮಾರಾಯ."

ತಮಾಷೆ ಅಂದ್ಕೊಂಡೆ. ಬಿಕಾಂನಲ್ಲಿ ನಾವು ಓದೋ ಬಿಸಿನೆಸ್ ಲಾ ಪುಸ್ತಕದಲ್ಲಿ ಇಂಥದ್ದೆಲ್ಲ ಎಲ್ಲಿ ಬರ್ತದೆ? ಆಮೇಲೆ ಹುಡುಕಿದೆ. ನಿಜ! ಕರ್ನಾಟಕ ಭೂಸುಧಾರಣಾ ಕಾಯ್ದೆ, ಕಲಂ 48, ಉಪಕಲಂ 8. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗೋ ಹಾಗಿಲ್ಲ ಅಂತ ಕಾನೂನಲ್ಲೇ ಬರೆದಿತ್ತು. ಯಾಕೆ ಹಾಗೆ ಬರೆದ್ರು ಅಂತ ತಿಳೀಬೇಕಾದ್ರೆ ಸಾಗರದ ಹತ್ತಿರದ ಕಾಗೋಡಿಗೆ ಒಮ್ಮೆ ಹೋಗಿ ಬರಬೇಕು.

ಭಾಗ 2

ಕಾಮರ್ಸ್‌ನವರೇ, ಇದು ನಿಮಗೆ ಬೇಗ ಅರ್ಥ ಆಗ್ತದೆ, ಯಾಕಂದ್ರೆ ಕಾಗೋಡಿನ ಜಗಳ ಶುರುವಾಗಿದ್ದೇ ಅಳತೆಯಿಂದ. ಗೇಣಿ ಭತ್ತವನ್ನ ಕೊಳಗದಲ್ಲಿ ಅಳೀತಿದ್ರು. ರೈತರ ದೂರು ಏನಂದ್ರೆ, ಒಡೆಯರು ಭತ್ತ ತಗೊಳ್ಳುವಾಗ ಒಂದು ಕೊಳಗ, ಕೊಡುವಾಗ ಇನ್ನೊಂದು. ತಗೊಳ್ಳೋದು ದೊಡ್ಡದು, ಕೊಡೋದು ಸಣ್ಣದು. ಸರಿಯಾದ ಅಳತೆ ಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು ಅಂತ ರೈತರು ಕೇಳಿದ್ರು.

ರಸೀದಿ! ನಾವು ಫಸ್ಟ್ ಸೆಮ್‌ನಲ್ಲಿ ವೋಚರ್ ಅಂತ ಬಾಯಿಪಾಠ ಮಾಡಿ ಮರೆತಿದ್ದೇವಲ್ಲ, ಅದೇ. ಅವರಿಗೆ ಆ ಒಂದು ತುಂಡು ಕಾಗದ ಅಂದ್ರೆ ಈ ನೆಲ ನಾನು ಉಳ್ತಿದೀನಿ ಅನ್ನೋದಕ್ಕೆ ಪುರಾವೆ. ಒಡೆಯರು ಯಾಕೆ ಕೊಡ್ಲಿಲ್ಲ ಅಂತ ಈಗ ಗೊತ್ತಾಯ್ತಲ್ಲ.

ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಶುರು. ತಂಡ ತಂಡವಾಗಿ ಗದ್ದೆಗೆ ಇಳಿಯೋದು, ಪೊಲೀಸರು ಹಿಡಿಯೋದು, ಮರುದಿನ ಇನ್ನೊಂದು ತಂಡ. ಸಮಾಜವಾದಿಗಳು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲೂಕಿನ ಆರಗದ ಹುಡುಗ ಶಾಂತವೇರಿ ಗೋಪಾಲಗೌಡ ಸಾಗರ-ಹೊಸನಗರದಿಂದ ಶಾಸನಸಭೆಗೆ ಹೋದರು. ವಯಸ್ಸು 30 ಕೂಡ ತುಂಬಿರಲಿಲ್ಲ.

ಒಂದು ಮಾತು ಗಮನಿಸಿ. ಕಾಗೋಡಿನ ರೈತರು ಹೋಗಿದ್ದು ಗದ್ದೆಗೆ, ಜೈಲಿಗೆ. ಕೋರ್ಟಿನ ಮೆಟ್ಟಿಲನ್ನ ನಂಬಿ ಕೂರಲಿಲ್ಲ. ಫೀಸು ಕೊಡೋಕೆ ದುಡ್ಡಿಲ್ಲ, ತೋರಿಸೋಕೆ ರಸೀದಿ ಇಲ್ಲ, ಇನ್ನು ಕೋರ್ಟಿಗೆ ಹೋಗಿ ಮಾಡೋದೆಂತ?

ಭಾಗ 3

ಹಾಗಂತ ನಮ್ಮ ಕಡೆ ವಕೀಲರೆಲ್ಲ ಒಡೆಯರ ಪರ ಇದ್ರು ಅಂತ ಬರೆದ್ರೆ ಅದು ಸುಳ್ಳಾಗ್ತದೆ. ತೀರ್ಥಹಳ್ಳಿ ಸೀಮೆಯ ಕಡಿದಾಳು ಮಂಜಪ್ಪ ಕಾನೂನು ಓದಿ ವಕೀಲಿ ಮಾಡಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಇದ್ದವರು. ಮೈಸೂರು ಸರ್ಕಾರದಲ್ಲಿ ಕಂದಾಯ ಖಾತೆ ನೋಡ್ಕೊಂಡ್ರು. 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳು ಆ ಕಾಲದ್ದು. 1956ರಲ್ಲಿ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿ, ಎರಡೂವರೆ ತಿಂಗಳೂ ಇಲ್ಲ. ನವೆಂಬರ್ 1ಕ್ಕೆ ರಾಜ್ಯವೇ ಹೊಸದಾಯ್ತು. ಅವರ ಆತ್ಮಕಥೆಯ ಹೆಸರು 'ನನಸಾಗದ ಕನಸು'. ಅಧಿಕಾರ ನೋಡಿದ ಮನುಷ್ಯ ತನ್ನ ಪುಸ್ತಕಕ್ಕೆ ಇಂಥ ಹೆಸರು ಇಡ್ತಾನೆ ಅಂದ್ರೆ ಏನೋ ಉಳಿದುಹೋಗಿದೆ ಅಂತಲೇ ನನಗನಿಸ್ತದೆ.

1961ರ ಮೈಸೂರು ಭೂಸುಧಾರಣಾ ಕಾಯ್ದೆ ಜಾರಿಗೆ ಬರುವಾಗ 1965ರ ಅಕ್ಟೋಬರ್. ಅದರಲ್ಲೂ ಸ್ವಂತ ಸಾಗುವಳಿ ಮಾಡ್ತೀನಿ ಅಂತ ಒಡೆಯ ನೆಲ ವಾಪಸ್ ಕೇಳೋಕೆ ದಾರಿ ಇತ್ತು. ಕಾನೂನು ಗೊತ್ತಿದ್ದವನಿಗೆ ಅಷ್ಟು ಸಂದು ಸಾಕು.

ಭಾಗ 4

ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯ್ತು. ಆ ದಿನದಿಂದ ಗೇಣಿ ನೆಲವೆಲ್ಲ ಸರ್ಕಾರದ್ದು. ಅದಕ್ಕೆ ಮುಂಚೆ ಉಳ್ತಿದ್ದವರು ಫಾರಂ 7 ಹಾಕಬೇಕು. ತಾಲೂಕಿನ ನ್ಯಾಯಮಂಡಳಿ ಒಪ್ಪಿದ್ರೆ ನೆಲ ಅವರ ಹೆಸರಿಗೆ. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು.

ವಕೀಲರನ್ನ ಹೊರಗಿಟ್ಟಿದ್ದು ಇಲ್ಲಿ. ಲೆಕ್ಕ ಸರಳ. ವಕೀಲರು ಬಂದ್ರೆ ಒಡೆಯನ ಪರವಾಗಿ ಜಿಲ್ಲೆಯ ದೊಡ್ಡ ವಕೀಲರು ಬರ್ತಾರೆ, ಗೇಣಿದಾರನ ಪರ ಯಾರೂ ಇರಲ್ಲ. ಇಬ್ಬರೂ ಬರಿಗೈಲಿ ನಿಲ್ಲಲಿ, ಊರಿನವರನ್ನ ಕೇಳಿ ತೀರ್ಮಾನ ಮಾಡೋಣ ಅಂತ.

ಕೇಳೋಕೆ ಚಂದ ಇದೆ. ಅಜ್ಜನಿಗೆ ಅದರಿಂದ ಒಳ್ಳೇದೂ ಆಯ್ತು. ಆದ್ರೆ ಬರಿಗೈ ಅನ್ನೋದು ಇಬ್ಬರಿಗೂ ಒಂದೇ ಅಲ್ಲ ಮಾರಾಯ್ರೆ. ಒಬ್ಬನಿಗೆ ಪಹಣಿ ಓದೋಕೆ ಬರ್ತದೆ, ಸಾಹೇಬ್ರ ಮುಂದೆ ಕುರ್ಚಿ ಎಳ್ಕೊಂಡು ಕೂತು ಮಾತಾಡಿ ಗೊತ್ತು. ಇನ್ನೊಬ್ಬನಿಗೆ ಹೆಗಲ ಮೇಲಿನ ಟವೆಲ್ ತೆಗೀಬೇಕೋ ಇಟ್ಕೋಬೇಕೋ ಅದೇ ಚಿಂತೆ. ಪಹಣಿಯಲ್ಲಿ ಕಲಂ 9 ಮಾಲೀಕಂದು, ಕಲಂ 12 ಸಾಗುವಳಿದಾರಂದು. ಆ 12ನೇ ಕಲಂನಲ್ಲಿ ತನ್ನ ಹೆಸರು ಇದೆಯಾ ಅಂತ ಮೊದಲೇ ನೋಡ್ಕೊಂಡವರು ಎಷ್ಟು ಜನ ಇದ್ದಿರಬಹುದು? ಅಜ್ಜನಿಗೆ ಮೇಷ್ಟ್ರು ನೋಡಿ ಹೇಳಿದ್ರು. ಅದು ಅಜ್ಜನ ಅದೃಷ್ಟ.

ನಮ್ಮ ಆಚೆಮನೆಯವರಿಗೆ ಆ ಅದೃಷ್ಟ ಇರಲಿಲ್ಲ. ಅವರ ಅಜ್ಜನೂ ಅದೇ ಒಡೆಯರ ಗೇಣಿದಾರರು. "ಮಗಳ ಮದುವೆಗೆ ಅಕ್ಕಿ ಕೊಟ್ಟವರ ಮೇಲೆ ಅರ್ಜಿ ಹಾಕೋದಾ?" ಅಂದ್ರಂತೆ. ಕೊನೇ ದಿನಾಂಕ ಮುಂದೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ನಿಂತಿತು. ಅವರು ಹಾಕಲೇ ಇಲ್ಲ. ಇವತ್ತು ನಮ್ಮ ಮನೆಗೂ ಅವರ ಮನೆಗೂ ಮಧ್ಯೆ ಒಂದು ಅಗಳ, ಒಂದು ಫಾರಂ. ಅವರ ಮೊಮ್ಮಗ ನನ್ನ ಜೊತೆಗೇ ಬಸ್ಸಲ್ಲಿ ಬರ್ತಾನೆ. ಕಾಲೇಜ್ ಮುಗಿದ ಮೇಲೆ ಅಡಿಕೆ ಸುಲಿಯೋ ಕೆಲಸಕ್ಕೆ ಹೋಗ್ತಾನೆ. ಇದನ್ನ ಅವನನ್ನ ಕೇಳಿಯೇ ಬರೀತಿದೀನಿ.

ಇನ್ನೊಂದು ಕಡೆಯೂ ಇದೆ. ನೆಲ ಕಳ್ಕೊಂಡವರೆಲ್ಲ ದೊಡ್ಡ ಒಡೆಯರಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕ್ತಿದ್ದ ಮನೆಗಳೂ ಇದ್ವು. ನಿಮ್ಮಲ್ಲಿ ಕೆಲವರ ಮನೇಲಿ ಈ ಕಥೆ ಬೇರೆ ಥರ ಕೇಳಿರ್ತೀರಿ. ಆ ಕಥೆಯೂ ಸುಳ್ಳಲ್ಲ.

ಭಾಗ 5

ಮಂಡಳಿ ಇಲ್ಲ ಅಂದ್ರೆ ಮುಂದೆ? ಮೇಲ್ಮನವಿಗೆ ಜಾಗ ಇರಲಿಲ್ಲ. ನೇರ ಬೆಂಗಳೂರಿನ ಹೈಕೋರ್ಟಿಗೆ ರಿಟ್. ತಾಲೂಕಿನಲ್ಲಿ ವಕೀಲರು ಬೇಡ ಅಂದ ಕಾನೂನು ಸೋತವನನ್ನ ರಾಜಧಾನಿಯ ವಕೀಲರ ಬಾಗಿಲಿಗೇ ಕಳಿಸ್ತು ನೋಡಿ! ಸಾಗರದಿಂದ ಬೆಂಗಳೂರಿಗೆ ಹೋಗಿ ಬರೋ ಬಸ್ ಚಾರ್ಜು, ಅಲ್ಲಿ ಉಳಿಯೋ ಖರ್ಚು, ಮತ್ತೆ ಮುಂದಿನ ತಾರೀಕು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಮಾಡಿದ್ರು, 1990ರಲ್ಲಿ ಅದನ್ನೂ ತೆಗೆದ್ರು.

1987ರಲ್ಲಿ ಸುಪ್ರೀಂ ಕೋರ್ಟ್, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಭೂಸುಧಾರಣೆಯನ್ನ ಎತ್ತಿಹಿಡಿದು ವಕೀಲರ ಮೇಲಿನ ನಿಷೇಧವನ್ನ ಮಾತ್ರ ಹೊಡೆದುಹಾಕಿತು. ವಕೀಲಿ ವೃತ್ತಿಯ ಬಗ್ಗೆ ಕಾನೂನು ಮಾಡೋದು ಸಂಸತ್ತಿನ ಕೆಲಸ, ರಾಜ್ಯದ್ದಲ್ಲ ಅನ್ನೋದು ಕಾರಣ. ಅಷ್ಟು ಹೊತ್ತಿಗೆ ಅಜ್ಜನ ಫಾರಂ 10, ಅಂದ್ರೆ ಹಕ್ಕಿನ ಪತ್ರ, ಟ್ರಂಕು ಸೇರಿ ವರ್ಷಗಳಾಗಿತ್ತು.

ನನ್ನ ಅಭಿಪ್ರಾಯ ಕೇಳ್ತೀರಾದ್ರೆ, ನಿಷೇಧ ಮಾಡಿದವರ ಸಿಟ್ಟು ಸರಿ ಇತ್ತು, ಮದ್ದು ಅರ್ಧ ಆಯ್ತು. ಒಡೆಯನ ವಕೀಲನನ್ನ ತಡೆದರು. ಗೇಣಿದಾರನಿಗೆ ಒಬ್ಬ ವಕೀಲನನ್ನ ಕೊಡಬೇಕು ಅಂತ ಯೋಚನೆ ಮಾಡಲಿಲ್ಲ.

ಭಾಗ 6

ಆ ಯೋಚನೆ ಕಾನೂನಾಗಿ ಬಂದದ್ದೂ 1987ರಲ್ಲೇ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಜಾರಿಯಾಗಿದ್ದು 1995ರ ನವೆಂಬರ್ 9ಕ್ಕೆ. ತಾಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರೋರು, ಇವರಿಗೆ ವಕೀಲರನ್ನ ಸಮಿತಿಯೇ ಕೊಡಬೇಕು, ಫೀಸು ಇಲ್ಲ. ಸಹಾಯವಾಣಿ 15100, ಸೇವ್ ಮಾಡ್ಕೊಳ್ಳಿ. ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಒಂದು ಕೆಲಸ ಇದೆ, ಅದಕ್ಕೆ ಎಲ್‌ಎಲ್‌ಬಿ ಬೇಡ. ವಿದ್ಯಾರ್ಥಿಗಳನ್ನೂ ತಗೊಳ್ತಾರೆ, ತರಬೇತಿ ಕೊಡ್ತಾರೆ. ಆ ಮೇಷ್ಟ್ರು ಮಾಡಿದ್ದು ಇದನ್ನೇ ಅಲ್ವಾ, ಹೆಸರು ಇರಲಿಲ್ಲ ಅಷ್ಟೆ.

ಕಾಲೇಜಿನಲ್ಲಿ ಕಾನೂನು ಅರಿವು ಕಾರ್ಯಕ್ರಮಕ್ಕೆ ನೀವೂ ಕೂತಿರ್ತೀರಿ. ಸೈಬರ್ ಮೋಸ, ಹೆಲ್ಮೆಟ್, ಪೋಕ್ಸೋ. ಬೇಕಾದ್ದೇ. ಆದ್ರೆ ನಮ್ಮ ಮೂರು ತಾಲೂಕಿನ ಮನೆಗಳಲ್ಲಿ ರಾತ್ರಿ ಊಟ ಮಾಡುವಾಗ ಬರೋ ಮಾತು ಯಾವುದು? ಬಗರ್‌ಹುಕುಂನ ಫಾರಂ 50, 53, 57. ಮನೆ ಅಡಿಯ ಜಾಗಕ್ಕೆ 94ಸಿ. 1964ರಲ್ಲಿ ಲಿಂಗನಮಕ್ಕಿ ತುಂಬಿ ಸಾಗರ, ಹೊಸನಗರದ ಊರುಗಳು ಮುಳುಗಿದ ಮೇಲೆ ಕಾಡಿನ ಅಂಚಿಗೆ ಬಂದವರ ಹಕ್ಕುಪತ್ರ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ 75 ವರ್ಷದ ಪುರಾವೆ ಬೇಕು. ಎಲ್ಲಿಂದ ತರೋದು? ಆದ್ರೆ ಅದೇ ಕಾಯ್ದೆಯ ನಿಯಮಗಳಲ್ಲಿ, ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನ ಬರೆದುಕೊಂಡ್ರೆ ಅದೂ ಪುರಾವೆಯೇ. ಇದನ್ನ ಯಾರಾದ್ರೂ ನಿಮ್ಮೂರ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದಾರಾ?

ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ, 2017ರಲ್ಲಿ, ಅದೇ ಭೂಸುಧಾರಣಾ ಕಾಯ್ದೆಗೆ 38ಎ ಸೇರಿತು. ದಾಖಲೆ ಇಲ್ಲದ ಜನವಸತಿಗಳಲ್ಲಿ ಮನೆ ಕಟ್ಟಿ ಕೂತವರಿಗೆ ಆ ಜಾಗ. ಅದೂ ಮತ್ತೆ ಅರ್ಜಿ, ಮತ್ತೆ ಫಾರಂ.

ಭಾಗ 7

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಬಿಕಾಂ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡೋಣ ಅಂತಿದೀನಿ. ಮನೇಲಿ ಇನ್ನೂ ಪೂರ್ತಿ ಒಪ್ಪಿಲ್ಲ. "ಮಾಡಿದ್ರೆ ಬೆಂಗಳೂರಲ್ಲಿ ಮಾಡು, ಇಲ್ಲಿ ಜೂನಿಯರ್ ಆದ್ರೆ ಟೀ ಕಾಸೂ ಹುಟ್ಟಲ್ಲ" ಅಂತಾರೆ. ಸುಳ್ಳಲ್ಲ ಅದು. ಬಾರ್ ಪರೀಕ್ಷೆ ಪಾಸಾಗಿ ಸೀನಿಯರ್ ಹತ್ರ ವರ್ಷಗಟ್ಟಲೆ ಫೈಲ್ ಹೊತ್ತವರನ್ನ ನಾನೂ ನೋಡಿದೀನಿ.

ಆದ್ರೆ ಇಲ್ಲಿಯ ವಿದ್ಯೆ ಇಲ್ಲೇ ಕಲೀಬೇಕು ಅನಿಸ್ತದೆ. ಶಾನುಭೋಗರ ಕಾಲದ ಕೈಬರಹ, ಖಂಡುಗ ಕೊಳಗದ ಲೆಕ್ಕ, ಮ್ಯುಟೇಶನ್, ಪೋಡಿ, ಮುಳುಗಿದ ಊರಿನ ಹಳೇ ಹೆಸರು. ಇದನ್ನ ತಾಲೂಕು ಆಫೀಸಿನ ರೆಕಾರ್ಡ್ ರೂಮಿನ ಧೂಳಲ್ಲಿ ಕೂತು ಕಲೀಬೇಕು, ಜೊತೆಗೆ ಗೊತ್ತಿರೋ ಹಿರಿಯ ವಕೀಲರೊಬ್ಬರು ಬೇಕು. ಅಂಥವರು ಮೂರೂ ಊರಲ್ಲಿ ಇದ್ದಾರೆ. ಅವರಿಗೂ ವಯಸ್ಸಾಗ್ತಿದೆ.

ಮೊನ್ನೆ ಆಚೆಮನೆ ಗೆಳೆಯನ ಮನೆಗೆ ಹೋಗಿದ್ದೆ. ಅವರದ್ದು ಫಾರಂ 57 ಹಾಕಿದ್ದಾರೆ, ಇನ್ನೂ ತೀರ್ಮಾನ ಆಗಿಲ್ಲ. ಅರ್ಜಿಯ ಸ್ವೀಕೃತಿ ಎಲ್ಲಿ ಅಂತ ಕೇಳಿದೆ. ಅವನಮ್ಮ ದೇವರ ಫೋಟೋ ಹಿಂದಿನಿಂದ ತೆಗೆದು ಕೊಟ್ರು. ಅಕ್ಷರ ಮಾಸ್ತಾ ಇತ್ತು. ಮೂರು ಜೆರಾಕ್ಸ್ ಮಾಡಿಸಿದ್ವಿ, ಒಂದು ನಮ್ಮ ಅಜ್ಜನ ಟ್ರಂಕಲ್ಲೇ ಇದೆ.

ನಿಮ್ಮ ಮನೇಲೂ ಫಾರಂ 7 ಇದ್ರೆ, ಸರ್ವೆ ನಂಬರ್ ಮುಚ್ಚಿ, ಫೋಟೋ ಕಳಿಸಿ. ಯಾರು ಬರೆದುಕೊಟ್ರು ಅಂತ ಅಜ್ಜ ಅಜ್ಜಿಯನ್ನ ಕೇಳಿ, ಅದನ್ನೂ ಬರೀರಿ.

#ಫಾರಂ7 #ಸಾಗರ #ಹೊಸನಗರ #ತೀರ್ಥಹಳ್ಳಿ #ಕಾಗೋಡು