ಕಡಲಹಾವು ಕಡಿದಾಗ: ದಡ ಸೇರುವವರೆಗಿನ ಚಿಕಿತ್ಸೆ

ಆಳಸಮುದ್ರ ಮೀನುಗಾರಿಕೆಗೆ ತೆರಳಿದ ಬೋಟಿನಲ್ಲಿ ಯಾರಿಗಾದರೂ ಹಾವು ಕಡಿದರೆ ಆಸ್ಪತ್ರೆ ಸೇರಲು ಹಲವು ಗಂಟೆಗಳೇ ಬೇಕು. ಆ ಅವಧಿಯಲ್ಲಿ ಜೊತೆಗಾರರು ಏನು ಮಾಡುತ್ತಾರೆ ಎಂಬುದರ ಮೇಲೆ ಕಡಿತಕ್ಕೊಳಗಾದವರ ಜೀವ ನಿಂತಿರುತ್ತದೆ.

ಗುರುತು: ಕಡಲಹಾವಿನ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಹಾವುಮೀನಿಗಿರುವ ಕಿವಿರು, ಈಜುರೆಕ್ಕೆಗಳು ಇದಕ್ಕಿಲ್ಲ. ಬಲೆಯಿಂದ ಮೀನು ಬಿಡಿಸುವಾಗಲೇ ಹೆಚ್ಚಿನ ಕಡಿತಗಳು ಸಂಭವಿಸುತ್ತವೆ.

ಲಕ್ಷಣ: ಕಡಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣದು. ಇದೇ ಅಪಾಯಕಾರಿ, ಮುಳ್ಳು ಚುಚ್ಚಿತೆಂದು ಹಲವರು ಕೆಲಸ ಮುಂದುವರಿಸುತ್ತಾರೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಮೈಕೈ ನೋವು, ಸ್ನಾಯುಗಳ ಬಿಗಿತ ಆರಂಭವಾಗುತ್ತದೆ. ಬಳಿಕ ರೆಪ್ಪೆ ಜೋಲುವುದು, ಮೂತ್ರ ಕಂದುಬಣ್ಣಕ್ಕೆ ತಿರುಗುವುದು, ಉಸಿರಾಟದ ತೊಂದರೆ ಕಾಣಿಸಬಹುದು. ವಿಷವು ಸ್ನಾಯುಗಳನ್ನು ಕರಗಿಸುವುದರಿಂದ ಮೂತ್ರಪಿಂಡ, ಹೃದಯಗಳಿಗೂ ಹಾನಿಯಾಗುತ್ತದೆ.

ಮಲಯದ ಪೆನಾಂಗ್‌ನಲ್ಲಿ 1950ರ ದಶಕದಿಂದ ಮೀನುಗಾರರ ಕಡಿತಗಳನ್ನು ಅಧ್ಯಯನ ಮಾಡಿದ ವೈದ್ಯ ಅಲಿಸ್ಟೇರ್ ರೀಡ್, ಬಹುಪಾಲು ಕಡಿತಗಳಲ್ಲಿ ವಿಷ ಗಂಭೀರವಾಗಿ ಏರುವುದಿಲ್ಲವೆಂದು ಕಂಡುಕೊಂಡರು. ಆದರೂ ಕಡಿದ ಕ್ಷಣದಲ್ಲಿ ಅದನ್ನು ತಿಳಿಯುವಂತಿಲ್ಲ. ಆದ್ದರಿಂದ ಪ್ರತಿ ಕಡಿತವನ್ನೂ ವಿಷಪೂರಿತವೆಂದೇ ಭಾವಿಸಬೇಕು.

ಬೋಟಿನಲ್ಲಿ ಮಾಡಬೇಕಾದುದು: ಕಡಿತಕ್ಕೊಳಗಾದವರನ್ನು ಮಲಗಿಸಿ, ಧೈರ್ಯ ಹೇಳಿ, ಅಲುಗಾಡದಂತೆ ನೋಡಿಕೊಳ್ಳಬೇಕು. ಉಂಗುರ, ಬಳೆ ತೆಗೆಯಬೇಕು. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಇಡೀ ಕೈ ಅಥವಾ ಕಾಲಿಗೆ ಸುತ್ತಿ, ಪಟ್ಟಿ ಕಟ್ಟಿ ಅಲುಗದಂತೆ ಮಾಡಬೇಕು. ಬೆರಳುಗಳಿಗೆ ರಕ್ತ ಸಂಚಾರ ನಿಲ್ಲಬಾರದು. ಉಸಿರು ನಿಂತರೆ ಕೃತಕ ಉಸಿರಾಟ ನೀಡುತ್ತಲೇ ಇರಬೇಕು. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು.

ಮಾಡಬಾರದುದು: ಗಾಯ ಕೊಯ್ಯುವುದು, ಬಾಯಿಯಿಂದ ಹೀರುವುದು, ಹಗ್ಗ ಬಿಗಿಯುವುದು, ಮದ್ಯ ಕುಡಿಸುವುದು, ನೋವಿಗೆಂದು ಸ್ನಾಯು ತಿಕ್ಕುವುದು.

ನೆರವು: ವಿ.ಎಚ್.ಎಫ್. ರೇಡಿಯೊದ 16ನೇ ಚಾನೆಲ್‌ನಲ್ಲಿ ಅಥವಾ ಕರಾವಳಿ ಕಾವಲು ಪಡೆಯ 1554 ಸಂಖ್ಯೆಯಲ್ಲಿ ತಿಳಿಸಬಹುದು. ದಡದಲ್ಲಿ 108 ಆಂಬುಲೆನ್ಸ್ ಸಿದ್ಧವಿರುವಂತೆ ಮೊದಲೇ ಹೇಳಿಡಬೇಕು.

ಆಸ್ಪತ್ರೆಯಲ್ಲಿ: ನಮ್ಮಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕಾಗಿ ತಯಾರಾದುದು, ಕಡಲಹಾವಿನ ವಿಷ ಅದರ ವ್ಯಾಪ್ತಿಯಲ್ಲಿಲ್ಲ. ಇದಕ್ಕಾಗಿಯೇ ಪ್ರತಿವಿಷ ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಹೀಗಾಗಿ ವೆಂಟಿಲೇಟರ್, ಡಯಾಲಿಸಿಸ್ ಸೌಲಭ್ಯಗಳಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯುವುದು ಮುಖ್ಯ. ಕಡಿದ ಸಮಯವನ್ನೂ ಮೂತ್ರದ ಬಣ್ಣವನ್ನೂ ವೈದ್ಯರಿಗೆ ತಪ್ಪದೆ ತಿಳಿಸಬೇಕು.