ಕಳೆದುಹೋದ ಬೆರಳಿನ ಲೆಕ್ಕ

ತೊಗರಿಯ ರಾಶಿ ಮುಗಿದು ಹೊಸ ಮಾಲು ಬರತೊಡಗಿತೆಂದರೆ ಕಲಬುರಗಿಯ ನೆಹರು ಗಂಜಿಗೆ ಬಿಡುವೆಂಬುದಿರುವುದಿಲ್ಲ. ಕಮಲಾಪುರ, ಆಳಂದ, ಚಿಂಚೋಳಿ, ಸೇಡಂ ಕಡೆಯಿಂದ ಬಂದ ಚೀಲಗಳು ಅಡತ್ ಅಂಗಡಿಗಳ ಮುಂದೆ ಇಳಿಯುತ್ತವೆ, ತೂಕವಾಗುತ್ತವೆ, ದಾಲ್ ಮಿಲ್ಲುಗಳತ್ತ ಮತ್ತೆ ಏರುತ್ತವೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಲಬರ್ಗಾ ತೊಗರಿಬೇಳೆ ನಮ್ಮ ಅಡುಗೆಮನೆಗೆ ಬರುವುದು ಈ ದಾರಿಯಲ್ಲಿ. ಹಿಂದೆ ಬೇಳೆಯಲ್ಲಿನ ಕಪ್ಪು ಕಾಳನ್ನು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಆಯ್ದು ತೆಗೆಯುತ್ತಿದ್ದರು. ಈಗ ಅನೇಕ ಮಿಲ್ಲುಗಳಲ್ಲಿ ಆ ಕೆಲಸವನ್ನು ವ್ಯಾಪಾರಿಗಳು ‘ಸಾರ್ಟೆಕ್ಸ್’ ಎಂದು ಕರೆಯುವ ಯಂತ್ರ ಮಾಡುತ್ತದೆ. ಅದರ ಕ್ಯಾಮೆರಾ ಕಾಳಿನ ಬಣ್ಣವನ್ನು ನೋಡುತ್ತದೆ. ಬೇಡವಾದುದನ್ನು ಗಾಳಿಯ ಸಣ್ಣ ಹೊಡೆತದಿಂದ ಪಕ್ಕಕ್ಕೆ ತಳ್ಳುತ್ತದೆ. ನೋಡಿ ನಿರ್ಧರಿಸುವ ಯಂತ್ರ ಗಂಜಿಗೆ ಹೀಗೆ ಸದ್ದಿಲ್ಲದೆ ಬಂದಿದೆ.

ಕಾರು ಕಾರ್ಖಾನೆಗಳಲ್ಲಿರುವಂಥ ರೋಬೋಟಿನ ಉಕ್ಕಿನ ತೋಳು ಇಲ್ಲಿಯ ಸಾಮಾನ್ಯ ನೋಟವಲ್ಲ. ಮಿಲ್ಲಿನಲ್ಲಿ ಕೈ ಸಿಕ್ಕಿಕೊಳ್ಳುವುದು ಇಂದಿಗೂ ಓಡುವ ಬೆಲ್ಟಿಗೆ, ತಿರುಗುವ ರೋಲರಿಗೆ, ಕಾಳನ್ನು ಮೇಲಕ್ಕೆತ್ತುವ ಎಲಿವೇಟರಿಗೆ. ಆದರೂ ಪ್ರಶ್ನೆ ಒಂದೇ. ಯಂತ್ರದಿಂದ ಮನುಷ್ಯನಿಗೆ ಗಾಯವಾದಾಗ ಹಣ ಕೊಡಬೇಕಾದವರು ಯಾರು, ಎಷ್ಟು ಕೊಡಬೇಕು, ಆ ‘ಎಷ್ಟು’ ಎಂಬುದನ್ನು ನಿರ್ಧರಿಸುವುದು ಯಾವುದು? ಇದಕ್ಕೆ ದೀರ್ಘವಾದ ಇತಿಹಾಸವಿದೆ. ಅದನ್ನು ತಿಳಿಯದೆ ರೋಬೋಟಿನ ಮಾತಿಗಿಳಿದರೆ ಯಂತ್ರದ ಚಮತ್ಕಾರಕ್ಕೆ ಮರುಳಾಗಿ ಗಾಯಗೊಂಡವನನ್ನೇ ಮರೆಯುವ ಅಪಾಯವಿದೆ.

ತಾನಾಗಿ ಚಲಿಸುವ, ಹೇಳಿದ ಮಾತನ್ನು ಸದಾ ಕೇಳದ ಮೊದಲ ‘ಯಂತ್ರ’ವೆಂದರೆ ಎತ್ತು. ವಿಮೋಚನಾಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಕುರಿತ ವಿಧಿಯನ್ನು ನಾವೆಲ್ಲ ಅವಸರದಲ್ಲಿ ದಾಟಿ ಹೋಗುತ್ತೇವೆ. ಎತ್ತು ಹಾಯ್ದು ಒಬ್ಬರು ಸತ್ತರೆ ಎತ್ತಿಗೆ ಶಿಕ್ಷೆ, ಒಡೆಯನು ನಿರ್ದೋಷಿ. ಆದರೆ ಆ ಎತ್ತಿಗೆ ಮೊದಲಿನಿಂದಲೂ ಹಾಯುವ ಚಾಳಿಯಿದ್ದು, ಎಚ್ಚರಿಕೆ ಕೊಟ್ಟರೂ ಒಡೆಯ ಅದನ್ನು ಕಟ್ಟಿಹಾಕದಿದ್ದರೆ ಹೊಣೆ ಅವನದು. ಅಪಾಯ ಗೊತ್ತಿತ್ತೇ, ತಡೆಯಬಹುದಿತ್ತೇ ಎಂಬ ಪರೀಕ್ಷೆಯನ್ನು ಇಂದಿನ ನ್ಯಾಯಾಲಯಗಳೂ ಮಾಡುತ್ತವೆ. ಅದೇ ಅಧ್ಯಾಯದಲ್ಲಿ ಮನಸ್ಸನ್ನು ಕಲಕುವ ಮತ್ತೊಂದು ವಿಧಿಯಿದೆ. ಸತ್ತವನು ದಾಸನಾಗಿದ್ದರೆ ಪರಿಹಾರ ಮೂವತ್ತು ಬೆಳ್ಳಿ ನಾಣ್ಯ, ಅದೂ ದಾಸನ ಯಜಮಾನನಿಗೆ. ಆ ಸಂಖ್ಯೆ ನಮ್ಮ ಓದುಗರಿಗೆ ಬೇರೆಡೆಯಿಂದಲೂ ಪರಿಚಿತ. ಗಾಯ ಒಂದೇ ಆದರೂ ಗಾಯಗೊಂಡವನ ಸ್ಥಾನಮಾನಕ್ಕೆ ತಕ್ಕಂತೆ ಬೆಲೆ ಬದಲಾಗುತ್ತಿತ್ತು. ಈ ಲೆಕ್ಕ ಪೂರ್ತಿ ಹೋಯಿತೆಂದು ಹೇಳುವ ಮೊದಲು ಸ್ವಲ್ಪ ತಾಳೋಣ.

ಇಂಗ್ಲೆಂಡಿನಲ್ಲಿ ಬಹುಕಾಲ ವಿಚಿತ್ರವಾದ ಪದ್ಧತಿಯೊಂದಿತ್ತು. ಸಾವಿಗೆ ಕಾರಣವಾದ ಬಂಡಿಯೋ ಕುದುರೆಯೋ ಚಕ್ರವೋ ‘ದೇವರಿಗೆ ಕೊಟ್ಟದ್ದು’ ಎಂಬ ಹೆಸರಿನಲ್ಲಿ ಅರಸನ ವಶವಾಗುತ್ತಿತ್ತು. ದೇವರ ಹೆಸರು, ಅರಸನ ಬೊಕ್ಕಸ! ರೈಲು ಬಂದ ಮೇಲೆ ಕಂಪನಿಗಳಿಗೆ ಇದು ದುಬಾರಿಯಾಗಿ, 1846ರಲ್ಲಿ ಪದ್ಧತಿ ರದ್ದಾಯಿತು. ಅಪಘಾತದಲ್ಲಿ ಸತ್ತವರ ಕುಟುಂಬ ತಪ್ಪಿತಸ್ಥರಿಂದ ಹಣ ಕೇಳಬಹುದೆಂಬ ಕಾಯ್ದೆ ಬಂದದ್ದೂ ಅದೇ ವರ್ಷ. ಅಂದರೆ ವಸ್ತುವಿನ ಅಪರಾಧ ಹೋಗಿ ಮನುಷ್ಯನ ತಪ್ಪು ಮುಂದೆ ಬಂತು.

ತಪ್ಪನ್ನು ಹುಡುಕುವ ಈ ದಾರಿ ಕೂಲಿಕಾರನಿಗೆ ಒಲಿಯಲಿಲ್ಲ. 1837ರಲ್ಲೇ ಲಂಡನ್ನಿನ ನ್ಯಾಯಾಲಯವೊಂದು, ಮಿತಿಮೀರಿ ಹೇರಿದ ಬಂಡಿ ಮುರಿದು ತೊಡೆಮೂಳೆ ಮುರಿದುಕೊಂಡ ಕಸಾಯಿ ಅಂಗಡಿಯ ಆಳಿಗೆ ಯಜಮಾನ ಏನನ್ನೂ ಕೊಡಬೇಕಿಲ್ಲ ಎಂದಿತ್ತು. ಕೆಲಸಕ್ಕೆ ಒಪ್ಪಿದವನು ಅದರ ಅಪಾಯಕ್ಕೂ ಒಪ್ಪಿದ ಎಂಬ ತರ್ಕ. ಜೊತೆಗಾರನ ತಪ್ಪಿಗೆ ಯಜಮಾನ ಹೊಣೆಯಲ್ಲ ಎಂಬ ಸಿದ್ಧಾಂತ ಬೆಳೆದದ್ದೂ ಅಲ್ಲಿಂದಲೇ. ಹಸಿವಿನಿಂದ ಒಪ್ಪಿದವನ ಒಪ್ಪಿಗೆ ಎಂಥದ್ದು ಎಂದು ಆ ನ್ಯಾಯಮೂರ್ತಿಗಳು ಕೇಳಿಕೊಂಡಂತಿಲ್ಲ. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನು ಕಡ್ಡಾಯಗೊಳಿಸಿತು. ಬ್ರಿಟನ್ 1897ರಲ್ಲಿ, ಯಾರ ತಪ್ಪೆಂದು ಕೇಳದೆಯೇ ಮಾಲೀಕ ಪರಿಹಾರ ಕೊಡಬೇಕೆಂದು ಕಾನೂನು ಮಾಡಿತು. ಈ ಎರಡರ ನಡುವೆ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ತಮ್ಮ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಅಪಘಾತ, ಕಾಯಿಲೆ, ಮುಪ್ಪುಗಳ ಕಾಲಕ್ಕೆ ಕಾರ್ಮಿಕರಿಗೆ ಒದಗುವ ನಿಧಿಯ ಅಗತ್ಯವನ್ನು ಹೇಳಿದ್ದರು.

ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಅದು ಬ್ರಿಟಿಷ್ ಇಂಡಿಯಾದ ಕಾನೂನು; ಕಲಬುರಗಿಯಾದರೋ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿ ಆರಂಭವಾದ ಎಂ.ಎಸ್.ಕೆ. ಮಿಲ್ಲಿನ ನೂಲಿನ ಯಂತ್ರಗಳ ಮುಂದೆ ನಿಂತವರಿಗೆ ಆ ಕಾಯ್ದೆಯ ನೆರಳು ಸಿಗಬೇಕಾದರೆ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1951ರಲ್ಲಿ ಕೇಂದ್ರದ ಕಾಯ್ದೆಗಳು ಹೈದರಾಬಾದ್ ರಾಜ್ಯಕ್ಕೂ ವಿಸ್ತರಿಸಬೇಕಾಯಿತು. ಇಂದು ಆ ಮಿಲ್ಲಿಲ್ಲ; ಬಡಾವಣೆಗೆ ಅದರ ಹೆಸರು ಮಾತ್ರ ಉಳಿದಿದೆ. 1923ರ ಕಾಯ್ದೆ 2010ರಿಂದ ‘ನೌಕರರ ಪರಿಹಾರ ಕಾಯ್ದೆ’ ಎನಿಸಿಕೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು ಲೀನವಾಯಿತಾದರೂ ಲೆಕ್ಕದ ಚೌಕಟ್ಟು ಹಳೆಯದೇ.

ಆ ಲೆಕ್ಕವನ್ನು ನಮ್ಮ ಕುಟುಂಬಗಳು ಒಮ್ಮೆ ಕುಳಿತು ನೋಡುವುದು ಒಳ್ಳೆಯದು. ಕಾನೂನಿನ ಪಟ್ಟಿಯಲ್ಲಿ ಶರೀರದ ಒಂದೊಂದು ಅಂಗಕ್ಕೂ ಒಂದು ಶೇಕಡಾವಾರು ನಿಗದಿಯಾಗಿದೆ. ಎರಡೂ ಕೈ ಹೋದರೆ ನೂರು. ಒಂದು ಕೈಯ ನಾಲ್ಕು ಬೆರಳು ಹೋದರೆ ಐವತ್ತು. ಹೆಬ್ಬೆರಳಿಗೆ ಮೂವತ್ತು, ತೋರುಬೆರಳಿಗೆ ಹದಿನಾಲ್ಕು, ಮಧ್ಯದ ಬೆರಳಿಗೆ ಹನ್ನೆರಡು, ಕಿರುಬೆರಳಿಗೆ ಏಳು. ಹೆಬ್ಬೆರಳಿಲ್ಲದೆ ಚೀಲದ ಕಿವಿ ಹಿಡಿಯಲಾಗದೆಂಬುದು ಪಟ್ಟಿ ಮಾಡಿದವರಿಗೆ ತಿಳಿದಿತ್ತು. ದುಡಿಯುವ ಶಕ್ತಿ ಸಂಪೂರ್ಣ ಹೋದರೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು, ಸಾವಾದರೆ ಶೇ. 50ನ್ನು. ಗುಣಕ ಮೂವತ್ತರ ಪ್ರಾಯದವರಿಗೆ 207.98, ಐವತ್ತೈದರವರಿಗೆ 135.56. ಅಂಗ ಭಾಗಶಃ ಹೋದಾಗ, ಬಂದ ಮೊತ್ತದಲ್ಲಿ ಪಟ್ಟಿಯ ಶೇಕಡಾವಾರು ಪಾಲು ಸಿಗುತ್ತದೆ.

ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಒಂದು ಮಿತಿಯಿದೆ. 2020ರಲ್ಲಿ ಅದನ್ನು ತಿಂಗಳಿಗೆ 15,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಆ ಮಿತಿಯ ಕೂಲಿಯುಳ್ಳ ಮೂವತ್ತರ ಯುವಕನ ಹೆಬ್ಬೆರಳು ಹೋಯಿತೆನ್ನಿ: ಪರಿಹಾರ 5,61,546 ರೂಪಾಯಿ. ಐವತ್ತೈದರ ಅವನ ತಂದೆಗೆ ಅದೇ ಗಾಯವಾದರೆ 3,66,012. ಈಗ ಮೂರನೆಯ ಸಂಗತಿ. ಅದೇ ಯುವಕನ ಕೂಲಿ ಮಾಲೀಕನ ಪುಸ್ತಕದಲ್ಲಿ 8,000 ಎಂದಷ್ಟೇ ಬರೆದಿದ್ದು, ಬೇರೆ ಪುರಾವೆ ಇಲ್ಲದಿದ್ದರೆ, ಮೊತ್ತ ಮೂರು ಲಕ್ಷಕ್ಕೂ ಕೊಂಚ ಕೆಳಗಿಳಿಯುತ್ತದೆ. ಯಂತ್ರ ಅದೇ, ಬೆರಳು ಅದೇ, ನೋವು ಅದೇ. ಎರಡೂವರೆ ಲಕ್ಷಕ್ಕೂ ಮಿಕ್ಕಿ ಹಣ ಕರಗಿಹೋದದ್ದು ಒಂದು ಸಾಲಿನ ಬರಹದಲ್ಲಿ.

ಪಟ್ಟಿಯೇ ಕೊನೆಯ ಮಾತಲ್ಲವೆಂಬುದು ಸಮಾಧಾನದ ವಿಷಯ. 1975ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಡಗಿಯೊಬ್ಬರ ಪ್ರಕರಣ ಬಂದಿತ್ತು. ಅಪಘಾತದ ಪರಿಣಾಮವಾಗಿ ಅವರ ಎಡಗೈಯನ್ನು ಮೊಣಕೈಯ ಮೇಲಿನಿಂದ ಕತ್ತರಿಸಬೇಕಾಗಿತ್ತು. ಪಟ್ಟಿಯ ಪ್ರಕಾರ ಅದು ಭಾಗಶಃ ನಷ್ಟವಷ್ಟೇ ಎಂದು ಮಾಲೀಕರು ವಾದಿಸಿದರು. ಒಂಟಿ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಅವರ ನಷ್ಟ ಸಂಪೂರ್ಣ ಎಂದು ನ್ಯಾಯಾಲಯ ತೀರ್ಮಾನಿಸಿತು. ಕಾನೂನು ಅಂಗವನ್ನು ಬಿಟ್ಟು ಕಸುಬನ್ನು ನೋಡಿದ ಗಳಿಗೆಯದು.

ತಪ್ಪು ಯಾರದೆಂದು ಕೇಳದ ಈ ಕಾನೂನಿನಲ್ಲೂ ಕೆಲವು ವಿನಾಯಿತಿಗಳಿವೆ. ಕಾರ್ಮಿಕ ಕುಡಿದಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ಕಾಪಿನ ಜಾಲರಿಯನ್ನು ತಾನೇ ಬೇಕೆಂದು ಕಿತ್ತಿದ್ದರೆ, ಸಾವು ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯವಲ್ಲದ ಗಾಯಗಳಿಗೆ ಮಾಲೀಕ ಹೊಣೆಯಲ್ಲ. ಬರಿಯ ಅಜಾಗರೂಕತೆ ಈ ಸಾಲಿಗೆ ಸೇರುವುದಿಲ್ಲ. ಆದರೆ ಜಾಲರಿ ಇಲ್ಲದ ಬೆಲ್ಟಿನ ಮುಂದೆ ನಿಂತಾಗ, ಅದನ್ನು ಕಿತ್ತವರಾರು ಎಂಬುದಕ್ಕೆ ಸಾಕ್ಷಿ ಯಾರು? ಸುಗ್ಗಿಯ ಅವಸರದಲ್ಲಿ, ಪ್ರತಿ ಬಾರಿ ಯಂತ್ರ ನಿಲ್ಲಿಸಿದರೆ ಮಾಲು ನಿಲ್ಲುತ್ತದೆಂದು, ಎಲ್ಲರಿಗೂ ಗೊತ್ತಿದ್ದೇ ಕಿತ್ತದ್ದಿರಬಹುದು. ರಾಶಿ ಮಾಡುವ ಯಂತ್ರಗಳಲ್ಲಿ ರೈತರೂ ಕೂಲಿಗಳೂ ಕೈ ಕಳೆದುಕೊಳ್ಳುತ್ತಿದ್ದುದರಿಂದಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯನ್ನು ತಂದಿತು. ಅದು ಯಂತ್ರ ತಯಾರಿಸುವವರ ಮೇಲೂ ಕಣ್ಣಿಟ್ಟಿತು ಎಂಬುದು ಗಮನಾರ್ಹ.

ರೋಬೋಟಿನ ಕಥೆಯೂ ಬೇರೆಯಲ್ಲ. 1979ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಫೋರ್ಡ್ ಎರಕದ ಕಾರ್ಖಾನೆಯಲ್ಲಿ, ಉಗ್ರಾಣದಿಂದ ಬಿಡಿಭಾಗ ತರಲು ಮೇಲೆ ಹತ್ತಿದ ಕಾರ್ಮಿಕನೊಬ್ಬನಿಗೆ ರೋಬೋಟಿನ ತೋಳು ಬಡಿದು ಪ್ರಾಣ ಹೋಯಿತು. ಅಲ್ಲಿಯ ಕಾನೂನಿನಲ್ಲಿ ಕಾರ್ಮಿಕ ಪರಿಹಾರ ದೊರೆತ ಮೇಲೆ ಸಾಮಾನ್ಯವಾಗಿ ಮಾಲೀಕನ ಮೇಲೆ ದಾವೆ ಹೂಡುವಂತಿಲ್ಲ. ಕುಟುಂಬ ಯಂತ್ರ ತಯಾರಿಸಿದ ಕಂಪನಿಯ ಮೇಲೆ ಹೂಡಿತು. 1983ರಲ್ಲಿ ತೀರ್ಪುಗಾರರ ಮಂಡಳಿ ಒಂದು ಕೋಟಿ ಡಾಲರ್ ಕೊಡಿಸಿತು. ನಮ್ಮ ದೇಶದಲ್ಲಿ 2015ರ ಆಗಸ್ಟ್‌ನಲ್ಲಿ ಹರಿಯಾಣದ ಮಾನೇಸರದಲ್ಲಿ, ಜರುಗಿದ ತಗಡೊಂದನ್ನು ಸರಿಪಡಿಸಲು ಹೋದ ಯುವ ಕಾರ್ಮಿಕನೊಬ್ಬ ಬೆಸುಗೆ ಹಾಕುವ ರೋಬೋಟಿಗೆ ಬಲಿಯಾದ. ಜರುಗಿದ್ದನ್ನು ಸರಿಪಡಿಸಲು ಕೈ ಚಾಚುವುದು ಒಳ್ಳೆಯ ಕೆಲಸಗಾರನ ಸಹಜ ಪ್ರವೃತ್ತಿ. ಯಂತ್ರ ಅದನ್ನೇ ಅರಿಯದು.

ಇಂಥ ಸಾವುಗಳಿಗೆ ತಪ್ಪಿತಸ್ಥ ಯಾರು? ತಯಾರಿಸಿದವರೇ, ಅದಕ್ಕೆ ಬುದ್ಧಿ ತುಂಬಿದ ಪ್ರೋಗ್ರಾಂ ಬರೆದವರೇ, ಅಳವಡಿಸಿದ ಮಾಲೀಕರೇ? 2017ರಲ್ಲಿ ಐರೋಪ್ಯ ಸಂಸತ್ತು ಒಂದು ಗೊತ್ತುವಳಿಯಲ್ಲಿ, ಅತ್ಯಂತ ಸ್ವತಂತ್ರ ರೋಬೋಟುಗಳಿಗೆ ‘ವಿದ್ಯುನ್ಮಾನ ವ್ಯಕ್ತಿ’ ಎಂಬ ಸ್ಥಾನ ಕೊಡುವುದನ್ನು ಪರಿಶೀಲಿಸಬಹುದೆಂದೂ ಸೂಚಿಸಿತ್ತು. ನನಗಂತೂ ಇದು ಎತ್ತಿಗೆ ಶಿಕ್ಷೆ ಕೊಟ್ಟು ಒಡೆಯನನ್ನು ಮನೆಗೆ ಕಳಿಸುವ ಹಳೆಯ ವಿಧಿಯ ಮೊದಲರ್ಧದಂತೆ ಕಾಣುತ್ತದೆ. ಆ ಸೂಚನೆ ಕಾನೂನಾಗಲಿಲ್ಲ. 2024ರಲ್ಲಿ ಐರೋಪ್ಯ ಒಕ್ಕೂಟ ಹೊರಡಿಸಿದ ಉತ್ಪನ್ನ ಹೊಣೆಗಾರಿಕೆಯ ನಿರ್ದೇಶನವು ಸಾಫ್ಟ್‌ವೇರ್ ಕೂಡ ಒಂದು ಉತ್ಪನ್ನವೇ ಎಂದು ಹೇಳಿ, ಅದರ ದೋಷಕ್ಕೆ ತಯಾರಕರನ್ನು ಹೊಣೆ ಮಾಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ದೆಹಲಿಯ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರಲ್ಲೇ ಇನ್ನೂ ಮುಂದೆ ಹೋಗಿತ್ತು: ಅಪಾಯಕಾರಿ ಉದ್ಯಮ ನಡೆಸುವವರಿಗೆ ಯಾವ ನೆಪವೂ ಇಲ್ಲ; ಉದ್ಯಮ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಾಗಬೇಕು.

ನಿಜ ಹೇಳಬೇಕೆಂದರೆ ಯಂತ್ರ ಹೆಚ್ಚು ಬುದ್ಧಿವಂತವಾದಷ್ಟೂ ತಪ್ಪನ್ನು ಹುಡುಕದ ಆ ಹಳೆಯ ಕಾನೂನೇ ಬಡವನಿಗೆ ಹೆಚ್ಚು ಉಪಯುಕ್ತ. ಕ್ಯಾಮೆರಾ ಏನನ್ನು ಕಂಡಿತು, ಪ್ರೋಗ್ರಾಂ ಏನನ್ನು ಲೆಕ್ಕ ಹಾಕಿತು ಎಂದು ಗಾಯಗೊಂಡವನು ಸಾಬೀತು ಮಾಡಬೇಕಿಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣ ಗಾಯವಾಯಿತೆಂದು ತೋರಿಸಿದರೆ ಸಾಕು. ಗುತ್ತಿಗೆದಾರನ ಮೂಲಕ ಬಂದವನಿಗೂ, ತನ್ನ ವ್ಯವಹಾರಕ್ಕಾಗಿ ಕೆಲಸ ಮಾಡಿಸಿಕೊಂಡ ಮಾಲೀಕನೇ ಮೊದಲು ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಹಕ್ಕನ್ನೇ ಬಿಟ್ಟುಕೊಟ್ಟೆನೆಂದು ಬಿಳಿಹಾಳೆಯ ಮೇಲೆ ಹಾಕಿಸಿಕೊಂಡ ಹೆಬ್ಬೆಟ್ಟಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕುಳಿತ ಎಷ್ಟು ಮನೆಯವರಿಗೆ ಇದು ಗೊತ್ತು?

ಆದರೆ ಈ ಕಾನೂನಿಗೆ ಒಬ್ಬ ಮಾಲೀಕ ಬೇಕೇ ಬೇಕು. ಮಿಲ್ಲಿನಲ್ಲಿ ಹತ್ತು ಜನರಿದ್ದು ಹೆಸರು ನೋಂದಾಯಿತವಾಗಿದ್ದರೆ ರಾಜ್ಯ ವಿಮೆಯ ಆಶ್ರಯವಿದೆ. ಸೇಡಂ ರಸ್ತೆಯಲ್ಲಿ ಅದರ ದೊಡ್ಡ ಆಸ್ಪತ್ರೆಯೇ ಇದೆ. ಗಂಜಿನ ಹಮಾಲನಿಗೆ ಹಾಗಲ್ಲ. ಅವನ ಹಮಾಲಿ ಚೀಲದ ಲೆಕ್ಕದ್ದು. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು, ಸಂಜೆ ಮಿಲ್ಲಿನ ಲಾರಿ. ಮಿಲ್ಲಿನೊಳಗೆ ಚೀಲ ಇಳಿಸುವಾಗ ಅವನ ಕೈ ಎಲಿವೇಟರಿಗೆ ಸಿಕ್ಕರೆ, ‘ಅವನು ನಮ್ಮವನಲ್ಲ’ ಎಂಬ ಮಾತಿನಿಂದಲೇ ವಾದ ಆರಂಭವಾಗುತ್ತದೆ. ಹೆಬ್ಬೆರಳಿಗೆ ಮೂವತ್ತು ಎಂಬ ಪಟ್ಟಿಯ ತನಕ ಅವನು ತಲುಪುವುದೇ ಕಷ್ಟ. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಹಮಾಲರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಅಲ್ಲಿ ಹಮಾಲರ ಹೆಸರು ಮಂಡಳಿಯಲ್ಲಿ ದಾಖಲಾಗುತ್ತದೆ. ವ್ಯಾಪಾರಿಗಳು ಕೂಲಿಯನ್ನೂ ಅದರ ಮೇಲೊಂದು ವಂತಿಗೆಯನ್ನೂ ಮಂಡಳಿಗೆ ಕಟ್ಟುತ್ತಾರೆ. ಅಂಗಡಿಗಳು ಹಲವಾದರೂ ಹಮಾಲನ ಲೆಕ್ಕ ಒಂದೇ ಕಡೆ ಉಳಿಯುತ್ತದೆ. ಸೊಲ್ಲಾಪುರ ನಮ್ಮ ಗಂಜಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ.